ಬೆಳಗಿನ ಓಟಕ್ಕೆ ಬೆನ್ನು ಹತ್ತುವ ಸುಳ್ಳು ಫಾಲೋವರ್‌ಗಳು: ಸ್ಟ್ರಾವಾ ಖಾತೆ ಜರಡಿ ಹಿಡಿಯುವ ಸಮಗ್ರ ಮಾರ್ಗದರ್ಶಿ

ಕಳೆದ ಡಿಸೆಂಬರಿನ ಒಂದು ಮಂಗಳವಾರ, ಓಟವನ್ನು ನಕ್ಷೆ ಸಮೇತ ದಾಖಲಿಸಿ ಬೇರೆಯವರಿಗೆ ತೋರಿಸುವ ಸ್ಟ್ರಾವಾ ಆ್ಯಪ್‌ನಲ್ಲಿ, ನನ್ನ ಓಟದ ಕೆಳಗೆ ಒಂದು ಕಾಮೆಂಟ್ ಬಂತು. “ಆಜ್ ಲೇಟ್ ಹೋ ಗಯಾ?”

ಅವತ್ತು ನಿಜಕ್ಕೂ ತಡವಾಗಿತ್ತು. ನಾನು ದಿನಾ ಬೆಳಿಗ್ಗೆ 5.10ಕ್ಕೆ ಮುಂಬೈಯ ಮಾಟುಂಗಾದ ನಮ್ಮ ಬಿಲ್ಡಿಂಗಿನಿಂದ ಇಳಿದು ಫೈವ್ ಗಾರ್ಡನ್ಸ್ ಕಡೆ ಓಡುವವಳು. ಅವತ್ತು ಅತ್ತೆಗೆ ಹುಷಾರಿರಲಿಲ್ಲ. ಅವರಿಗೆ ಗಂಜಿ ಮಾಡಿಟ್ಟು ಹೊರಟಾಗ 5.45. ಇದು ಮನೆಯವರಿಗೆ ಗೊತ್ತು, ಕೆಳಗಿನ ವಾಚ್‌ಮನ್‌ಗೆ ಗೊತ್ತು. ಕಾಮೆಂಟ್ ಹಾಕಿದವನಿಗೆ ಹೇಗೆ ಗೊತ್ತು?

ನಾನೇ ಹೇಳಿದ್ದೆ. ಎರಡು ವರ್ಷದ ಓಟಗಳನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಬಿಟ್ಟಿದ್ದೆ. ಹೊರಟ ಹೊತ್ತು, ಹೊರಟ ಗೇಟು, ನೀರು ಕುಡಿಯಲು ನಿಂತ ಮೂಲೆ, ವಾಪಸ್ ಬಂದ ಹೊತ್ತು. ಎಲ್ಲ ನಕ್ಷೆ ಸಮೇತ.

ಆ ಖಾತೆ ತೆರೆದು ನೋಡಿದೆ. ಫೋಟೋ ಇಲ್ಲ. ಒಂದೇ ಒಂದು ಓಟವೂ ಇಲ್ಲ. ಹೆಸರು ಯಾರದ್ದೋ, ನನಗೆ ಗುರುತಿಲ್ಲ. ಅವನು ಫಾಲೋ ಮಾಡುತ್ತಿದ್ದದ್ದು ಬರೀ 11 ಜನರನ್ನು. ಹನ್ನೊಂದೂ ಹೆಂಗಸರು. ಹನ್ನೊಂದೂ ಜನ ದಾದರ್–ಮಾಟುಂಗಾ ಕಡೆ ಬೆಳಕು ಹರಿಯುವ ಮೊದಲು ಓಡುವವರು.

ಮುಂದಿನ ಭಾನುವಾರ ಲಾಂಗ್ ರನ್ ಮುಗಿಸಿ, ಕಿಂಗ್ಸ್ ಸರ್ಕಲ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಡ್ಲಿ ಬರುವ ತನಕ ನಮ್ಮ ಗುಂಪಿನವರಿಗೆ ಇದನ್ನು ಹೇಳಿದೆ. “ಎಂತದು ಮಾರಾಯ್ತಿ, ಮೊದಲೇ ಹೇಳುದಲ್ವಾ” ಎಂದು ಕುಂದಾಪುರದ ಅಣ್ಣ ಬೈದರು. ಆಮೇಲೆ ಅವರವರ ಫೋನ್ ತೆಗೆದು ನೋಡಿಕೊಂಡರು. ಎಲ್ಲರ ಪಟ್ಟಿಯಲ್ಲೂ ಕಸ ಇತ್ತು. ಅವತ್ತಿನಿಂದ ಮೂರು ಭಾನುವಾರ ಕೂತು ಒಬ್ಬೊಬ್ಬರ ಫೋನ್ ಸರಿ ಮಾಡಿದೆವು. ಆ ಕೆಲಸವನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕ್ರಮ ಮುಖ್ಯ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಸುಳ್ಳು ಖಾತೆಗಳಲ್ಲಿ ಜಾತಿ ಬೇರೆ ಬೇರೆ

ಮೊದಲನೆಯದು ಬಾಟ್, ಅಂದರೆ ಯಂತ್ರ ತಾನಾಗಿ ನಡೆಸುವ ಖಾತೆ. ಇದು ಕಣ್ಣಿಗೆ ಬೇಗ ಬೀಳುತ್ತದೆ. ಮಾಡೆಲ್ ಥರದ ಫೋಟೋ, ಬಯೋದಲ್ಲಿ ಒಂದು ಲಿಂಕ್, ಫಾಲೋ ಮಾಡುತ್ತಿರುವವರ ಸಂಖ್ಯೆ ಸಾವಿರಗಟ್ಟಲೆ, ಓಡಿದ್ದು ಸೊನ್ನೆ. ನೀವು ಯಾರೆಂದು ಅದಕ್ಕೆ ಬೇಕಾಗಿಲ್ಲ. ನೀವು ವಾಪಸ್ ಹೋಗಿ ಅದರ ಪ್ರೊಫೈಲ್ ನೋಡಬೇಕು, ಲಿಂಕ್ ಒತ್ತಬೇಕು, ಅಷ್ಟೇ. ಲಿಂಕ್ ಹಿಂದೆ ಡೇಟಿಂಗ್ ಸೈಟೋ, ಕ್ರಿಪ್ಟೋ ಆಸೆಯೋ, ಪಾಸ್‌ವರ್ಡ್ ಕದಿಯುವ ಪುಟವೋ ಇರುತ್ತದೆ.

ಎರಡನೆಯದು ಮಾತಿಗೆ ಎಳೆಯುವವರು. ಮೊದಲು ನಾಲ್ಕು ಕುಡೋಸ್ (ಇಲ್ಲಿನ ‘ಲೈಕ್’), ಆಮೇಲೆ “ಸೂಪರ್ ಪೇಸ್”, ಆಮೇಲೆ ಮೆಸೇಜ್. ಎರಡು ವಾರದಲ್ಲಿ ವಾಟ್ಸ್‌ಆ್ಯಪ್ ನಂಬರ್ ಕೇಳುತ್ತಾರೆ, ನಾಲ್ಕನೇ ವಾರದಲ್ಲಿ ಹೂಡಿಕೆ ಮಾತು. ಮೆಸೇಜ್ ಸೌಲಭ್ಯ ಸ್ಟ್ರಾವಾಗೆ 2023ರ ಕೊನೆಗೆ ಬಂತು. ಬೇರೆ ಆ್ಯಪ್‌ಗಳಲ್ಲಿ ನೋಡಿದ ಆಟವೇ ಇಲ್ಲಿಗೂ ಬಂದಿದೆ.

ಮೂರನೆಯದು ನಿಮ್ಮ ಫೋಟೋ, ನಿಮ್ಮ ಹೆಸರು ಇಟ್ಟುಕೊಂಡು ನಿಮ್ಮ ಗೆಳೆಯರನ್ನು ಫಾಲೋ ಮಾಡುವ ನಕಲಿ.

ನಾಲ್ಕನೆಯದು ನನಗೆ ಬಂದದ್ದು. ಸುಮ್ನೆ ನೋಡುತ್ತಾ ಕೂರುವವರು. ಇವರ ಹಿಂದೆ ಯಂತ್ರ ಇಲ್ಲ, ಮನುಷ್ಯ ಇದ್ದಾನೆ. ಎಷ್ಟೋ ಸಲ ಪರಿಚಯದವನೇ ಆಗಿರಬಹುದು. ಇಲ್ಲಿ ಒಂದು ವಿಚಿತ್ರ ಗಮನಿಸಿ. ಮೂರು ಸಾವಿರ ಜನರನ್ನು ಫಾಲೋ ಮಾಡುವ ಖಾತೆ ನೋಡಿದರೆ ನಮಗೆ ಸಿಟ್ಟು ಬರುತ್ತದೆ, ಹನ್ನೊಂದು ಜನರನ್ನು ಫಾಲೋ ಮಾಡುವ ಖಾತೆ ಕಣ್ಣಿಗೇ ಬೀಳುವುದಿಲ್ಲ. ಹೆದರಬೇಕಾದದ್ದು ಎರಡನೆಯದಕ್ಕೆ. ಸಾವಿರ ಮನೆಗೆ ಕರಪತ್ರ ಹಾಕುವವನು ಬೇರೆ, ಒಂದೇ ಮನೆ ಮುಂದೆ ದಿನಾ ನಿಲ್ಲುವವನು ಬೇರೆ.

ಹಂತ 1: ಫಾಲೋವರ್ ಪಟ್ಟಿ ಈಗಲೇ ಮುಟ್ಟಬೇಡಿ, ನಕ್ಷೆ ಮುಚ್ಚಿ

ಎಲ್ಲರೂ ಮಾಡುವ ತಪ್ಪು ಇದೇ. ನಾನೂ ಮಾಡಿದೆ. ಸಿಟ್ಟಿನಲ್ಲಿ ಒಂದು ಗಂಟೆ ಕೂತು ನಲವತ್ತು ಖಾತೆ ತೆಗೆದೆ. ನಾಲ್ಕು ದಿನಕ್ಕೆ ಅಷ್ಟೇ ಹೊಸವು ಬಂದವು. ನಲ್ಲಿ ಬಂದ್ ಮಾಡದೆ ನೆಲ ಒರೆಸಿದ ಹಾಗೆ.

ಆ್ಯಪ್‌ನಲ್ಲಿ ಮೇಲಿನ ಗೇರ್ ಚಿಹ್ನೆ ಒತ್ತಿದರೆ ಸೆಟ್ಟಿಂಗ್ಸ್. ಅದರೊಳಗೆ ಪ್ರೈವಸಿ ಕಂಟ್ರೋಲ್ಸ್. ಅಲ್ಲಿ ಮ್ಯಾಪ್ ವಿಸಿಬಿಲಿಟಿ ಎಂಬುದನ್ನು ಮೊದಲು ತೆರೆಯಿರಿ. ಒಳಗೆ ಮೂರು ದಾರಿ ಇವೆ.

ಒಂದು, ಒಂದು ವಿಳಾಸ ಕೊಟ್ಟು ಅದರ ಸುತ್ತ ಮುಚ್ಚುವುದು. 200 ಮೀಟರಿನಿಂದ 1,600 ಮೀಟರ್ ತನಕ ಆರಿಸಬಹುದು. ಮನೆ, ಆಫೀಸು, ಮಗಳ ಶಾಲೆ, ಎಲ್ಲ ಹಾಕಿ. ಎರಡು, ಎಲ್ಲಿ ಓಡಿದರೂ ಶುರು ಮತ್ತು ಕೊನೆಯ ತುಂಡನ್ನು ಮುಚ್ಚುವುದು. ಮೂರು, ನಕ್ಷೆಯನ್ನೇ ಬೇರೆಯವರಿಗೆ ತೋರಿಸದಿರುವುದು.

ಮುಂಬೈಯವರು 200 ಮೀಟರ್ ಸಾಕು ಅಂದುಕೊಳ್ಳುತ್ತಾರೆ. ಒಂದು ಲೆಕ್ಕದಲ್ಲಿ ಸರಿ. ಮಾಟುಂಗಾದಲ್ಲಿ 200 ಮೀಟರ್ ಒಳಗೆ ಎಷ್ಟು ಬಿಲ್ಡಿಂಗ್, ಎಷ್ಟು ಮಹಡಿ! ಆದರೆ ದಿನಾ ಒಂದೇ ಮನೆಯಿಂದ ನಾಲ್ಕು ದಿಕ್ಕಿಗೆ ಓಡಿದರೆ ನಕ್ಷೆಯ ಗೆರೆಗಳು ಒಂದು ವೃತ್ತದ ಅಂಚಿನಲ್ಲಿ ಕಡಿದು ನಿಲ್ಲುತ್ತವೆ. ವೃತ್ತ ಕಂಡರೆ ಅದರ ನಡು ಎಲ್ಲಿ ಎಂದು ಹುಡುಕುವುದು ಹೈಸ್ಕೂಲ್ ಗಣಿತ. 2018ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ರೀತಿ ಫಿಟ್‌ನೆಸ್ ಆ್ಯಪ್‌ಗಳಲ್ಲಿ ಮುಚ್ಚಿಟ್ಟ ಜಾಗಗಳನ್ನು ಕಂಡುಹಿಡಿಯಬಹುದು ಎಂದು ತೋರಿಸಿದರು. ಅದಕ್ಕೇ ನನ್ನ ಸಲಹೆ: ದೊಡ್ಡ ವೃತ್ತ ಹಾಕಿ, ಜೊತೆಗೆ ಎರಡನೇ ದಾರಿಯನ್ನೂ ಹಾಕಿ. ಓಟ ಮನೆ ಗೇಟಿನಿಂದ ಶುರು ಮಾಡುವ ಬದಲು ಒಂದು ಸಿಗ್ನಲ್ ದಾಟಿ ವಾಚ್ ಒತ್ತಿ. ಅಷ್ಟು ದೂರ ನಡೆದರೆ ವಾರ್ಮ್ ಅಪ್ ಕೂಡ ಆಗುತ್ತದೆ.

ಎರಡನೇ ದಾರಿ ಇನ್ನೊಂದು ಕಾರಣಕ್ಕೆ ಬೇಕು. ನಮ್ಮವರೆಲ್ಲ ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ. ಅಲ್ಲೂ ಓಡದೆ ಬಿಡುವುದಿಲ್ಲ. ಊರಿನ ವಿಳಾಸ ಆ್ಯಪ್‌ನಲ್ಲಿ ಹಾಕಿರುವುದಿಲ್ಲ. ಅಡಿಕೆ ತೋಟದ ನಡುವೆ ಇರುವುದೇ ಒಂದು ಮನೆ. ಗೆರೆ ಶುರುವಾಗುವುದು ಆ ಮನೆಯ ಅಂಗಳದಿಂದ. ಮುಂಬೈ ಮನೆ ಹದಿನೈದು ದಿನ ಬೀಗ ಹಾಕಿದೆ ಎಂಬ ಸುದ್ದಿ ಅದರ ಜೊತೆಗೆ ಉಚಿತ.

ಓಟ ಸೇವ್ ಮಾಡುವಾಗ ಅಥವಾ ಎಡಿಟ್ ಮಾಡುವಾಗ ಹೊರಟ ಸಮಯವನ್ನು ಮುಚ್ಚುವ ಆಯ್ಕೆಯೂ ಇದೆ. ಒಂಟಿಯಾಗಿ ಓಡುವವರು ಅದನ್ನು ಬಳಸಿ. ಇನ್ನೂ ಸುಲಭದ ಉಪಾಯ ಇದೆ. ಓಡಿದ ಕೂಡಲೇ ಹಾಕದೆ ಸಂಜೆ ಹಾಕುವುದು. ಹೊತ್ತು ಮುಚ್ಚುವುದಕ್ಕೆ ಇದು ಸಾಲದು. ಆದರೆ “ಈಗಷ್ಟೇ ಮುಗಿಸಿದಳು, ಹೋಟೆಲಿನಲ್ಲಿ ಕೂತಿರುತ್ತಾಳೆ” ಎಂದು ಯಾರೂ ಲೆಕ್ಕ ಹಾಕಲಾರರು.

ಹಂತ 2: ಬಾಗಿಲಿಗೆ ಚಿಲಕ

ಅದೇ ಪ್ರೈವಸಿ ಕಂಟ್ರೋಲ್ಸ್‌ನಲ್ಲಿ ಪ್ರೊಫೈಲ್ ಪೇಜ್ ಎಂಬುದು ‘ಎವ್ರಿವನ್’ ಎಂದಿದ್ದರೆ ಯಾರು ಬೇಕಾದರೂ ನಿಮ್ಮನ್ನು ಕೇಳದೆ ಫಾಲೋ ಮಾಡಬಹುದು. ‘ಫಾಲೋವರ್ಸ್’ ಎಂದು ಬದಲಿಸಿದರೆ ಹೊಸಬರು ಮೊದಲು ರಿಕ್ವೆಸ್ಟ್ ಕಳಿಸಬೇಕು, ನೀವು ಒಪ್ಪಬೇಕು. ಕಸ ಒಳಗೆ ಬರುವುದು ನಿಲ್ಲುವುದು ಈ ಒಂದು ಗುಂಡಿಯಿಂದ. ನಿಮ್ಮ ಹೆಸರು, ಫೋಟೋ ಹೊರಗಿನವರಿಗೆ ಆಗಲೂ ಕಾಣುತ್ತವೆ, ಅದು ನೆನಪಿರಲಿ.

ಅದರ ಕೆಳಗೇ ಆ್ಯಕ್ಟಿವಿಟೀಸ್. ಅದನ್ನೂ ‘ಫಾಲೋವರ್ಸ್’ ಮಾಡಿ. ‘ಓನ್ಲಿ ಯು’ ಎಂದು ಹಾಕಿದರೆ ನಿಮ್ಮ ಹೊರತು ಯಾರಿಗೂ ಕಾಣುವುದಿಲ್ಲ, ಸೆಗ್ಮೆಂಟ್ ಪಟ್ಟಿಯಲ್ಲೂ (ರಸ್ತೆಯ ಒಂದು ತುಂಡಿನಲ್ಲಿ ಯಾರು ಎಷ್ಟು ವೇಗ ಎಂಬ ಪಟ್ಟಿ) ಹೆಸರು ಬರುವುದಿಲ್ಲ. ನಮ್ಮ ಗುಂಪಿನ ಒಬ್ಬ ಅಕ್ಕ ಹಾಗೇ ಇಟ್ಟುಕೊಂಡಿದ್ದಾರೆ. “ನನ್ನ ಓಟ ನನ್ನ ಡಾಕ್ಟರಿಗೆ ತೋರಿಸೋಕೆ, ಊರಿಗೆಲ್ಲ ಯಾಕೆ” ಎನ್ನುತ್ತಾರೆ. ನನಗೆ ಅಷ್ಟು ವೈರಾಗ್ಯ ಇಲ್ಲ. ಪೆಡ್ಡರ್ ರೋಡ್ ಏರು ಹತ್ತಿದ ದಿನ ನಾಲ್ಕು ಜನ ಶಹಬ್ಬಾಸ್ ಅನ್ನಬೇಕು ಅನಿಸುತ್ತದೆ.

ಮೆಸೇಜಿಂಗ್ ಮತ್ತು ಮೆನ್ಷನ್ಸ್ (ಬೇರೆಯವರು ತಮ್ಮ ಬರಹದಲ್ಲಿ ನಿಮ್ಮ ಹೆಸರು ಸೇರಿಸುವುದು) ಎರಡನ್ನೂ ಬಿಗಿ ಮಾಡಿ. ನಾನು ಮೆಸೇಜ್ ಪೂರ್ತಿ ಬಂದ್ ಮಾಡಿದ್ದೇನೆ. ಮಾತಾಡುವುದಿದ್ದರೆ ವಾಟ್ಸ್‌ಆ್ಯಪ್ ಗುಂಪಿದೆ. ಫ್ಲೈಬೈ ಎಂಬುದು ದಾರಿಯಲ್ಲಿ ನಿಮ್ಮನ್ನು ಹಾದು ಹೋದವರಿಗೆ ನಿಮ್ಮ ಓಟ ತೋರಿಸುವ ಆಟ. ‘ನೋ ವನ್’ ಎಂದೇ ಇರಲಿ.

ಹಂತ 3: ಹಳೆಯ ಓಟಗಳ ಕಡತ

ಹಂತ 2ರಲ್ಲಿ ಬದಲಿಸಿದ್ದು ಇನ್ನು ಮುಂದೆ ಓಡುವುದಕ್ಕೆ ಮಾತ್ರ. ಹಿಂದಿನ ಎರಡು ವರ್ಷ ಹಾಗೇ ತೆರೆದಿರುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ಮರೆತದ್ದು ಇದನ್ನೇ. ಕಂಪ್ಯೂಟರಿನಲ್ಲಿ ಸ್ಟ್ರಾವಾ ವೆಬ್‌ಸೈಟ್ ತೆರೆದು, ಪ್ರೈವಸಿ ಕಂಟ್ರೋಲ್ಸ್‌ನಲ್ಲಿ ‘ಎಡಿಟ್ ಪಾಸ್ಟ್ ಆ್ಯಕ್ಟಿವಿಟೀಸ್’ ಹುಡುಕಿ. ಎಲ್ಲ ಹಳೆಯ ಓಟಗಳನ್ನೂ ಒಂದೇ ಸಲಕ್ಕೆ ‘ಫಾಲೋವರ್ಸ್’ ಅಥವಾ ‘ಓನ್ಲಿ ಯು’ ಮಾಡಬಹುದು. ನಾನು ಹಳೆಯದೆಲ್ಲ ‘ಓನ್ಲಿ ಯು’ ಮಾಡಿದೆ. ಎರಡು ವರ್ಷದ ಹಿಂದಿನ ನನ್ನ ಮಂಗಳವಾರದ ಓಟ ನೋಡಿ ಯಾರಿಗೆ ಏನಾಗಬೇಕು?

ಆಮೇಲೆ ಪರೀಕ್ಷೆ. ನಿಮ್ಮನ್ನು ಫಾಲೋ ಮಾಡದ ಒಬ್ಬ ಗೆಳತಿಯ ಫೋನ್ ಇಸಿದುಕೊಂಡು ನಿಮ್ಮ ಹೆಸರು ಹುಡುಕಿ. ಆಕೆಗೆ ಏನು ಕಾಣುತ್ತದೋ ಅದೇ ಅಪರಿಚಿತರಿಗೂ ಕಾಣುವುದು. ಜೊತೆಗೆ ಫಾಲೋ ಮಾಡುವ ಇನ್ನೊಬ್ಬರ ಫೋನಿನಲ್ಲಿ ‘ಫಾಲೋವರ್ಸ್’ಗೆ ತೆರೆದಿಟ್ಟ ಒಂದು ಓಟದ ನಕ್ಷೆ ತೆರೆದು ಗೆರೆ ಎಲ್ಲಿಂದ ಶುರುವಾಗಿದೆ ನೋಡಿ. ನಿಮ್ಮ ಫೋನಿನಲ್ಲಿ ನೋಡಿ ಪ್ರಯೋಜನವಿಲ್ಲ, ನಿಮಗೆ ಪೂರ್ತಿ ನಕ್ಷೆಯೇ ಕಾಣುತ್ತದೆ.

ಫೋಟೋಗಳ ಮೇಲೂ ಒಮ್ಮೆ ಕಣ್ಣಾಡಿಸಿ. ಗೆರೆ ಮುಚ್ಚಿ, ಬಿಲ್ಡಿಂಗಿನ ಹೆಸರಿನ ಫಲಕದ ಮುಂದೆ ನಿಂತ ಸೆಲ್ಫಿ ಬಿಟ್ಟಿದ್ದೆ ನಾನು. ರೇಸಿನ ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ಫೋಟೋ ಕೂಡ ಹಾಗೇ. ಜನವರಿಯ ಮುಂಬೈ ಮ್ಯಾರಥಾನ್ ಆದ ವಾರ ಎಲ್ಲರೂ ಬಿಬ್ ಹಿಡಿದೇ ನಿಲ್ಲುತ್ತಾರೆ. ಆ ನಂಬರ್ ಹಾಕಿ ಫಲಿತಾಂಶ ಹುಡುಕಿದರೆ ಪೂರ್ತಿ ಹೆಸರು ಸಿಗುತ್ತದೆ. ಆ್ಯಪ್‌ನಲ್ಲಿ ಬರೀ ಅಡ್ಡಹೆಸರು ಇಟ್ಟುಕೊಂಡು ಏನು ಬಂತು?

ಹಂತ 4: ಈಗ ಪಟ್ಟಿ ತೆಗೆಯಿರಿ

ನನ್ನ ಪಟ್ಟಿಯಲ್ಲಿ 412 ಜನ ಇದ್ದರು. ಮುಖ ನೋಡಿ ಗುರುತು ಹಿಡಿಯಬಲ್ಲವರು ನೂರೂ ಇರಲಿಲ್ಲ. ಒಂದು ಚಹಾ ಮಾಡಿಕೊಂಡು ಕೂರಿ. ಇದು ಒಬ್ಬೊಬ್ಬರನ್ನಾಗಿ ಮಾಡುವ ಕೆಲಸ.

ಯಾರದ್ದಾದರೂ ಅನುಮಾನ ಬಂದರೆ ಪ್ರೊಫೈಲ್ ತೆರೆದು ಇಷ್ಟು ನೋಡಿ: ಓಡಿದ್ದೇನಾದರೂ ಇದೆಯಾ? ಯಾರನ್ನು ಫಾಲೋ ಮಾಡುತ್ತಿದ್ದಾರೆ, ಎಷ್ಟು ಜನ, ಎಂಥವರು? ನಿಮಗೂ ಅವರಿಗೂ ಸಾಮಾನ್ಯ ಗೆಳೆಯರು ಯಾರು? ಬಯೋದಲ್ಲಿ ಲಿಂಕ್ ಇದೆಯಾ? ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದೇ ಮುಖ ಇನ್ನೆಲ್ಲೋ ಬೇರೆ ಹೆಸರಿನಲ್ಲಿ ಸಿಗಬಹುದು.

ಸಾಮಾನ್ಯ ಗೆಳೆಯರಿದ್ದಾರೆ ಎಂದರೆ ಸಾಚಾ ಎಂದೇನಲ್ಲ. ನಮ್ಮ ಗುಂಪಿನ ಆರು ಜನ ಒಂದೇ ಸುಳ್ಳು ಖಾತೆಯನ್ನು ಒಪ್ಪಿದ್ದರು. ಒಬ್ಬೊಬ್ಬರೂ “ಅವರ ಗೆಳೆಯ ಇರಬೇಕು” ಅಂದುಕೊಂಡಿದ್ದರು. ಮೊದಲು ಒಪ್ಪಿದವರು ಯಾರು ಎಂದು ಕೇಳಿದರೆ ಎಲ್ಲರೂ ಚಟ್ನಿ ನೋಡುತ್ತಿದ್ದರು.

ಹಾಗೆಂದು ವಿಚಿತ್ರ ಓಟ ಇದ್ದವರೆಲ್ಲ ಸುಳ್ಳಲ್ಲ. ಮುಂಬೈಯಲ್ಲಿ ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತಪ್ಪುತ್ತದೆ. ಮರೀನ್ ಡ್ರೈವ್‌ನಲ್ಲಿ ಓಡಿದ ನಮ್ಮ ಅಣ್ಣನ ಗೆರೆ ಒಮ್ಮೆ ಸಮುದ್ರದ ಒಳಗೆ ಹೋಗಿ ಬಂದಿತ್ತು. ಇನ್ನೊಬ್ಬರು ವಾಚ್ ನಿಲ್ಲಿಸಲು ಮರೆತು ದಾದರಿನಲ್ಲಿ ಲೋಕಲ್ ಹತ್ತಿದರು. ಡೊಂಬಿವಲಿ ಮುಟ್ಟುವಾಗ ವಿಶ್ವದಾಖಲೆ ಮುರಿದಿದ್ದರು. ಇಂಥದ್ದು ಆದರೆ ಆ ಓಟ ತೆರೆದು ‘ಕ್ರಾಪ್’ ಮಾಡಿ ಕೊನೆಯ ತುಂಡು ಕತ್ತರಿಸಬಹುದು. ಅನುಮಾನ ಪಡಬೇಕಾದದ್ದು ಬೇರೆ ಥರದ್ದು: ಎಲ್ಲ ಓಟಗಳೂ ಕೈಯಲ್ಲಿ ಬರೆದು ಹಾಕಿದ್ದು, ಯಾವುದಕ್ಕೂ ನಕ್ಷೆ ಇಲ್ಲ, ಎಲ್ಲದರ ಶೀರ್ಷಿಕೆಯೂ ಒಂದೇ.

ಹಂತ 5: ತೆಗೆಯುವುದಾ, ಬ್ಲಾಕ್ ಮಾಡುವುದಾ?

ಬ್ಲಾಕ್ ಒತ್ತುವ ಮೊದಲು ಒಂದು ಕೆಲಸ. ಆ ಪ್ರೊಫೈಲಿನ ವೆಬ್ ಲಿಂಕ್ ಕಾಪಿ ಮಾಡಿ ಎಲ್ಲಾದರೂ ಬರೆದಿಡಿ. ಲಿಂಕಿನ ಕೊನೆಗೆ ಒಂದು ಉದ್ದದ ನಂಬರ್ ಇರುತ್ತದೆ. ಅದು ಆ ಖಾತೆಯ ನಂಬರ್. ಹೆಸರು, ಫೋಟೋ ನಾಳೆ ಬದಲಾಗಬಹುದು, ನಂಬರ್ ಬದಲಾಗುವುದಿಲ್ಲ. ಅವರ ಕಾಮೆಂಟ್, ಮೆಸೇಜ್, ಪ್ರೊಫೈಲ್, ಯಾರನ್ನು ಫಾಲೋ ಮಾಡುತ್ತಿದ್ದಾರೆ ಎಂಬ ಪಟ್ಟಿ ಎಲ್ಲದರ ಸ್ಕ್ರೀನ್‌ಶಾಟ್ ದಿನಾಂಕ ಸಮೇತ ತೆಗೆಯಿರಿ. ನಾನು ಸಿಟ್ಟಿನಲ್ಲಿ ಮೊದಲು ಕಾಮೆಂಟ್ ಅಳಿಸಿದೆ. ಆಮೇಲೆ ತೋರಿಸುವುದಕ್ಕೆ ಏನೂ ಇರಲಿಲ್ಲ.

ಬಾಟ್‌ಗಳಿಗೆ ಬರೀ ‘ರಿಮೂವ್ ಫಾಲೋವರ್’ ಸಾಕು. ಹಂತ 2 ಆಗಿರುವುದರಿಂದ ಮತ್ತೆ ಬರಬೇಕಾದರೆ ಕೇಳಿಯೇ ಬರಬೇಕು. ಗುರುತಿಲ್ಲದ ಆದರೆ ನಿರುಪದ್ರವಿ ಓಟಗಾರರಿಗೂ ಇದೇ. ಅವರಿಗೆ ಸೂಚನೆ ಹೋಗುವುದಿಲ್ಲ, ಬೇಜಾರೂ ಆಗುವುದಿಲ್ಲ.

ನಾಲ್ಕನೇ ಜಾತಿಯವರಿಗೆ ಬ್ಲಾಕ್. ಪ್ರೊಫೈಲಿನ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಬ್ಲಾಕ್ ಆದವನು ನಿಮ್ಮನ್ನು ಫಾಲೋ ಮಾಡಲಾರ. ಆದರೆ ಮನುಷ್ಯ ಇನ್ನೊಂದು ಇಮೇಲ್ ತೆರೆದು ಇನ್ನೊಂದು ಹೆಸರಿನಲ್ಲಿ ಬರಬಹುದು. ಅದಕ್ಕೇ ಮೊದಲು ನಕ್ಷೆ, ಆಮೇಲೆ ಚಿಲಕ, ಆಮೇಲೆ ಬ್ಲಾಕ್ ಎಂದದ್ದು. ಎರಡನೇ ಸಲ ಬಂದರೂ ನೋಡಲು ಏನೂ ಉಳಿದಿರಬಾರದು.

ಅಲ್ಲೇ ರಿಪೋರ್ಟ್ ಕೂಡ ಇದೆ. ಸ್ಪ್ಯಾಮ್, ಕಿರುಕುಳ, ನಕಲಿ, ಯಾವುದು ಎಂದು ಸರಿಯಾಗಿ ಆರಿಸಿ. ಗುಂಪಿನ ಎಲ್ಲರೂ ಒಂದೇ ಖಾತೆಯನ್ನು ರಿಪೋರ್ಟ್ ಮಾಡಿ. ಒಬ್ಬಳ ದೂರಿಗಿಂತ ಹನ್ನೊಂದು ಜನರ ದೂರಿಗೆ ತೂಕ ಜಾಸ್ತಿ. ನಾನು ಆ ಉಳಿದ ಹತ್ತು ಹೆಂಗಸರಿಗೂ ಒಂದೊಂದು ಸಾಲು ಬರೆದೆ. ಏಳು ಜನ ಉತ್ತರ ಕೊಟ್ಟರು. ಇಬ್ಬರಿಗೆ ನನ್ನ ಹಾಗೇ ಕಾಮೆಂಟ್ ಬಂದಿತ್ತಂತೆ. ಒಬ್ಬರು ಈಗ ನಮ್ಮ ಜೊತೆ ಭಾನುವಾರ ಓಡುತ್ತಾರೆ.

ಹಂತ 6: ನಿಮ್ಮ ಬಾಗಿಲು ಮುಚ್ಚಿದೆ, ಪಕ್ಕದವರದು?

ಜೊತೆಗೆ ಓಡಿದವರನ್ನು ಆ್ಯಪ್ ತಾನೇ ಒಂದು ಗುಂಪು ಓಟವಾಗಿ ಸೇರಿಸುತ್ತದೆ. ನೀವು ಎಷ್ಟೇ ಮುಚ್ಚಿಕೊಂಡರೂ, ಪಕ್ಕದಲ್ಲಿ ಓಡಿದ ಗೆಳತಿಯ ಖಾತೆ ತೆರೆದಿದ್ದರೆ ಅಲ್ಲಿ ನಿಮ್ಮ ಹೆಸರು ಬರಬಹುದು. ಗ್ರೂಪ್ ಆ್ಯಕ್ಟಿವಿಟೀಸ್ ಎಂಬುದನ್ನು ‘ಫಾಲೋವರ್ಸ್’ ಅಥವಾ ‘ನೋ ವನ್’ ಮಾಡಿ.

2024ರಲ್ಲಿ ಫ್ರಾನ್ಸಿನ ಪತ್ರಿಕೆ ಲ ಮೊಂದ್ ಇಂಥದ್ದೇ ಒಂದು ಸರಣಿ ವರದಿ ಮಾಡಿತು. ಅಮೆರಿಕ, ಫ್ರಾನ್ಸ್, ರಷ್ಯಾದ ಅಧ್ಯಕ್ಷರು ಎಲ್ಲಿ ತಂಗುತ್ತಾರೆ ಎಂಬುದು ಅವರ ಅಂಗರಕ್ಷಕರ ಸ್ಟ್ರಾವಾ ಓಟಗಳಿಂದ ಗೊತ್ತಾಗುತ್ತಿತ್ತು. ಅಧ್ಯಕ್ಷರು ಓಡಿಯೇ ಇರಲಿಲ್ಲ, ಓಡಿದ್ದು ಪಕ್ಕದಲ್ಲಿದ್ದವರು.

ಇನ್ನು ಸೆಗ್ಮೆಂಟ್. ರಸ್ತೆಯ ಒಂದು ತುಂಡಿಗೆ ಹೆಸರಿಟ್ಟು ಯಾರು ಎಷ್ಟು ವೇಗ ಎಂದು ಪಟ್ಟಿ ಹಾಕುವುದು. 2022ರ ಜೂನ್‌ನಲ್ಲಿ ಇಸ್ರೇಲಿನ ಫೇಕ್‌ರಿಪೋರ್ಟರ್ ಎಂಬ ತಂಡ ಒಂದು ಸುಳ್ಳು ಖಾತೆಯನ್ನು ಬಯಲು ಮಾಡಿತು. ಆ ಖಾತೆ ಅಲ್ಲಿನ ಸೇನಾ ನೆಲೆಗಳ ಒಳಗೆ ಓಡಿದ ಹಾಗೆ ಕೃತಕ ಜಿಪಿಎಸ್ ಕಡತ ಹಾಕಿ, ಅಲ್ಲಿ ಸೆಗ್ಮೆಂಟ್ ಹುಟ್ಟಿಸಿತ್ತು. ನಿಜವಾಗಿ ಅಲ್ಲಿ ಓಡಿದವರ ಹೆಸರು ಪಟ್ಟಿಯಲ್ಲಿ ತಾನಾಗಿ ಬಂದು ಕೂತಿತು. ಫಾಲೋ ಮಾಡುವುದೂ ಬೇಕಾಗಿರಲಿಲ್ಲ. ನಮ್ಮ ಫೈವ್ ಗಾರ್ಡನ್ಸ್‌ಗೆ ಗೂಢಚಾರರು ಬರಲಿಕ್ಕಿಲ್ಲ. ಆದರೆ ಉಪಾಯ ಅದೇ. ನಿಮ್ಮ ಗಲ್ಲಿಯ ಹೆಸರಿನಲ್ಲಿ ಒಂದು ಸೆಗ್ಮೆಂಟ್ ಇದ್ದರೆ ನಿಮ್ಮ ಹೆಸರು ಅಲ್ಲಿದೆಯಾ ನೋಡಿ. ಇದ್ದರೆ ಆ ಓಟವನ್ನು ‘ಓನ್ಲಿ ಯು’ ಮಾಡಿ.

ಲೋಕಲ್ ಲೆಜೆಂಡ್ ಎಂಬ ಬಿರುದು ನನಗೆ ತುಂಬ ಇಷ್ಟವಿತ್ತು. ಒಂದು ಸೆಗ್ಮೆಂಟಿನಲ್ಲಿ ಕಳೆದ 90 ದಿನಗಳಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಓಡಿದವರಿಗೆ ಅದು ಸಿಗುತ್ತದೆ. ಪಾರ್ಸಿ ಕಾಲೊನಿಯ ಒಂದು ಸುತ್ತಿಗೆ ನಾನೇ ಲೆಜೆಂಡ್. ಆ ಬಿರುದನ್ನು ಬೇರೆ ಥರ ಓದಿ ನೋಡಿ: “ಈ ಹೆಂಗಸು ಬೇರೆಲ್ಲರಿಗಿಂತ ಜಾಸ್ತಿ ಸಲ ಇದೇ ದಾರಿಯಲ್ಲಿ ಸಿಗುತ್ತಾಳೆ.” ಕಿರೀಟ ತೆಗೆದಿಟ್ಟೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬಂದ್ ಮಾಡುವ ಗುಂಡಿ ಇದೆ.

ಗುಂಪಿನ ಕ್ಲಬ್ ಪುಟ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕ್ಲಬ್ಬನ್ನು ಆಹ್ವಾನ ಇದ್ದವರಿಗೆ ಮಾತ್ರ ಎಂದು ಬದಲಿಸಿ. ಎಲ್ಲರಿಗೂ ತೆರೆದಿಟ್ಟ ಕ್ಲಬ್ಬಿನಲ್ಲಿ “ನಾಳೆ 4.45ಕ್ಕೆ ಮೈಸೂರು ಅಸೋಸಿಯೇಷನ್ ಮುಂದೆ ಸೇರೋಣ” ಎಂದು ಹಾಕುವುದು ಯಾಕೆ?

ವಾಚ್ ಕಂಪನಿಯ ಆ್ಯಪ್ ಬೇರೆ ಇದ್ದರೆ ಅದರದ್ದೂ ಪ್ರೈವಸಿ ಬೇರೆ. ಗಾರ್ಮಿನ್ ಕನೆಕ್ಟ್‌ನಲ್ಲಿ ಓಡಿದ್ದು ಸ್ಟ್ರಾವಾಗೆ ಬರುತ್ತದೆ. ಸ್ಟ್ರಾವಾದಲ್ಲಿ ಮುಚ್ಚಿದ್ದು ಗಾರ್ಮಿನ್‌ನಲ್ಲಿ ತಾನಾಗಿ ಮುಚ್ಚುವುದಿಲ್ಲ. ಹಾಗೇ ವೆಬ್‌ಸೈಟಿನ ಸೆಟ್ಟಿಂಗ್ಸ್‌ನಲ್ಲಿ ‘ಮೈ ಆ್ಯಪ್ಸ್’ ನೋಡಿ. ಯಾವಾಗಲೋ ಒಂದು ಚಾಲೆಂಜಿಗೆ ಅನುಮತಿ ಕೊಟ್ಟ ಆ್ಯಪ್‌ಗಳು ಇನ್ನೂ ನಿಮ್ಮ ಓಟ ಓದುತ್ತಿರುತ್ತವೆ. ಗುರುತು ಸಿಗದ್ದನ್ನು ಕಿತ್ತು ಹಾಕಿ.

ಒಂಟಿಯಾಗಿ ಕತ್ತಲಲ್ಲಿ ಓಡುವವರಿಗೆ ಒಂದು ಒಳ್ಳೆಯ ಸೌಲಭ್ಯವೂ ಇದೆ, ಬೀಕನ್. ನೀವು ಆರಿಸಿದವರಿಗೆ ಮಾತ್ರ ನೀವು ಎಲ್ಲಿದ್ದೀರಿ ಎಂಬ ಲಿಂಕ್ ಹೋಗುತ್ತದೆ. ಫೋನ್ ಆ್ಯಪ್‌ನಲ್ಲಿ ಇದಕ್ಕೆ ದುಡ್ಡಿಲ್ಲ. ನನ್ನ ಗಂಡನ ಫೋನಿಗೆ ಹಾಕಿದ್ದೇನೆ. ಅವರು ಗೊರಕೆ ಹೊಡೆಯುತ್ತಿರುತ್ತಾರೆ, ಅದು ಬೇರೆ ಮಾತು.

ನಿಮ್ಮ ಹೆಸರಲ್ಲೇ ಖಾತೆ ಇದ್ದರೆ, ಅಥವಾ ಮಾತು ಮಿತಿ ಮೀರಿದರೆ

ನಕಲಿ ಖಾತೆ ಕಂಡರೆ ಮೊದಲು ಗುಂಪಿನಲ್ಲಿ ಹೇಳಿ, “ಅದು ನಾನಲ್ಲ, ಒಪ್ಪಬೇಡಿ” ಎಂದು. ಆಮೇಲೆ ರಿಪೋರ್ಟ್. ನಿಮ್ಮದೇ ಖಾತೆಯಿಂದ ನೀವು ಕೊಡದ ಕುಡೋಸ್, ನೀವು ಬರೆಯದ ಕಾಮೆಂಟ್ ಹೋಗುತ್ತಿದ್ದರೆ ಅದು ನಕಲಿಯಲ್ಲ, ಒಳಗೆ ಯಾರೋ ಹೊಕ್ಕಿದ್ದಾರೆ. ಇಮೇಲ್ ಪಾಸ್‌ವರ್ಡ್ ಮೊದಲು ಬದಲಿಸಿ, ಆಮೇಲೆ ಆ್ಯಪ್‌ನದ್ದು.

ಕಾನೂನು ಗೊತ್ತಿರಲಿ. ಬೇರೆಯವರ ಗುರುತು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಸೋಗು ಹಾಕಿ ವಂಚಿಸುವುದು 66ಡಿ. ಎರಡಕ್ಕೂ 3 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ ಇದೆ. ಹೆಣ್ಣುಮಕ್ಕಳ ಬೆನ್ನು ಹತ್ತುವುದು, ಆಕೆ ಇಂಟರ್ನೆಟ್ ಬಳಸುವುದರ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರಲ್ಲಿ ಬರುತ್ತದೆ. ಇದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಆನ್‌ಲೈನ್ ದೂರಿಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ. ದಾರಿಯಲ್ಲಿ ಯಾರಾದರೂ ಹಿಂಬಾಲಿಸುತ್ತಿದ್ದಾರೆ ಅನಿಸಿದರೆ 112, ಆ್ಯಪ್ ಆಮೇಲೆ.

ಠಾಣೆಗೆ ಹೋಗುವಾಗ ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ಮತ್ತು ಆ ಖಾತೆ ನಂಬರ್ ಒಯ್ಯಿರಿ. ಸ್ಟ್ರಾವಾ ಅಂದರೇನು ಎಂದು ಅಲ್ಲಿ ಮೊದಲಿಂದ ವಿವರಿಸಬೇಕಾದೀತು. ಸಿಟ್ಟು ಮಾಡಿಕೊಳ್ಳಬೇಡಿ. ನಕ್ಷೆ ತೆರೆದು “ಇದು ನನ್ನ ಮನೆ, ಇವನಿಗೆ ಇದು ಕಾಣುತ್ತಿತ್ತು” ಎಂದು ತೋರಿಸಿದರೆ ಬೇಗ ಅರ್ಥವಾಗುತ್ತದೆ.

ಆಮೇಲಿನ ಪಾಲನೆ

ತಿಂಗಳ ಮೊದಲ ಭಾನುವಾರ ಇಡ್ಲಿ ಬರುವ ತನಕ ನಾವು ರಿಕ್ವೆಸ್ಟ್ ಪಟ್ಟಿ ನೋಡುತ್ತೇವೆ. ಹತ್ತು ನಿಮಿಷದ ಕೆಲಸ. ಗುರುತಿಲ್ಲದವರನ್ನು ಬಾಕಿ ಇಡುವುದಿಲ್ಲ, ನಿರಾಕರಿಸುತ್ತೇವೆ. ಆ್ಯಪ್ ದೊಡ್ಡ ಅಪ್‌ಡೇಟ್ ಆದ ತಿಂಗಳು ಪ್ರೈವಸಿ ಕಂಟ್ರೋಲ್ಸ್ ಒಮ್ಮೆ ಮೇಲಿಂದ ಕೆಳಗೆ ಓದುತ್ತೇವೆ. ಹೊಸ ಸೌಲಭ್ಯ ಬಂದಾಗ ಅದು ತೆರೆದೇ ಬಂದಿರಬಹುದು. ನನ್ನ ಪಟ್ಟಿ ಈಗ 86ಕ್ಕೆ ಬಂದಿದೆ. ಕುಡೋಸ್ ಕಡಿಮೆಯಾಗಿದೆ, ನಿಜ. ಮೊದಲ ವಾರ ಸ್ವಲ್ಪ ಬೇಜಾರಾಯಿತು.

ಕಳೆದ ತಿಂಗಳು ಒಂದು ರಿಕ್ವೆಸ್ಟ್ ಬಂತು. ಮುಖದ ಜಾಗದಲ್ಲಿ ಗಣಪತಿ. ಓಡಿದ್ದು ಸೊನ್ನೆ. ಫಾಲೋ ಮಾಡುತ್ತಿದ್ದದ್ದು ಒಬ್ಬರನ್ನೂ ಇಲ್ಲ. ಎಲ್ಲ ಲಕ್ಷಣ ಸರಿಯಾಗಿತ್ತು, ನಿರಾಕರಿಸಿದೆ. ಸಂಜೆ ಹುಬ್ಬಳ್ಳಿಯಿಂದ ಅತ್ತಿಗೆಯ ಫೋನ್. “ಏನವಾ, ವಾಕಿಂಗ್ ಶುರು ಮಾಡೀನಿ, ನಿನ್ನ ನೋಡಿ ಕಲಿಯೋಣ ಅಂತ ಆ್ಯಪ್ ಹಾಕ್ಕೊಂಡ್ರ, ನನ್ನನ್ನ ಒಳಗ ಬಿಡಲಿಲ್ಲಲ್ಲ?” ಇನ್ನೊಮ್ಮೆ ಕಳಿಸಿ ಎಂದೆ. ಒಪ್ಪಿದೆ. ಆಮೇಲೆ ಅವರನ್ನೇ ಫೋನಿನಲ್ಲಿ ಹಿಡಿದು ಕೂರಿಸಿ, ಹಂತ 1ರಿಂದ ಶುರು ಮಾಡಿದೆ.